ಎಡಕ್ಕೆ ತಿರುಗಿದ ಚಕ್ರ

“ಗೀಟು ನೋಡಿದ್ರೇ ಗೊತ್ತಾಗಲ್ವೇನಮ್ಮಾ? ಇದು ನನ್ನ ಕೈಯ ಗೀಟಲ್ಲ!”

ಬೆಳಗಿನಿಂದ ಭಾವ ಈ ಮಾತು ಹೇಳುತ್ತಿರುವುದು ಇದು ಆರನೆಯ ಸಲ. ಲಾಡ್ಜಿನ ಹಿಂದಿನ ಇಳಿಜಾರು ಓಣಿಯಲ್ಲಿ, ಬಾಡಿಗೆಗೆ ತಂದ ಬಿಳಿ ಕಾರಿನ ಪಕ್ಕ, ಆರಡಿಯ ದೇಹವನ್ನು ಮೂರು ಮಡಿಕೆ ಮಾಡಿಕೊಂಡು ಕುಕ್ಕರಗಾಲಿನಲ್ಲಿ ಕೂತಿದ್ದರು. ಕೋಟಿನ ಎದೆಯ ಮೇಲೆ ಬೆಳ್ಳಿಯ ಬಿಲ್ಲೆ. ನಲವತ್ತು ವರ್ಷ ಒಂದೂ ಅಪಘಾತವಿಲ್ಲದೆ ಬಸ್ಸು ಓಡಿಸಿದ್ದಕ್ಕೆ ಡಿಪೋದವರು ಕೊಟ್ಟದ್ದು. ನಿವೃತ್ತರಾಗಿ ಎಂಟು ವರ್ಷವಾದರೂ, ಪರದೇಶದ ಪ್ರವಾಸಕ್ಕೂ ಅದನ್ನು ಚುಚ್ಚಿಕೊಂಡೇ ಬಂದಿದ್ದರು.

“ನಿಮ್ಮ ಕೈಯ ಗೀಟು ಹೇಗಿರುತ್ತೆ ಅಂತ ನೋಡಿದವರೇ ಇಲ್ಲವಲ್ಲ ಭಾವ. ಹೋಲಿಸೋದು ಯಾವುದರ ಜೊತೆ?” ಅಂದಳು ಸರ್ವೇಯರಮ್ಮ.

“ಅದೇ ನಾನು ಹೇಳ್ತಿರೋದು! ನನ್ನ ಕೈಯ ಗೀಟು ಅನ್ನೋದೇ ಈ ಭೂಮಿ ಮೇಲಿಲ್ಲ.”

ಸರ್ವೇಯರಮ್ಮ ಅಂದರೆ ಭಾವನ ಹೆಂಡತಿಯ ತಂಗಿ. ವಿಮಾ ಕಂಪನಿಯೊಂದಕ್ಕೆ ಮೂವತ್ತು ವರ್ಷ ಗುದ್ದಿದ ಗಾಡಿ ನೋಡಿ ವರದಿ ಬರೆದುಕೊಟ್ಟವಳು. ಹೆತ್ತವರು ಇಟ್ಟ ಹೆಸರು ಬೇರೆಯಿದ್ದರೂ ಮನೆಯವರ ಬಾಯಲ್ಲಿ ಈ ಹೆಸರೇ ನಿಂತುಬಿಟ್ಟಿತ್ತು. ಕೈಚೀಲದಲ್ಲಿ ಬಾಚಣಿಗೆ ಇಲ್ಲದಿದ್ದರೂ ಅಳತೆಯ ಟೇಪು ಇರುತ್ತಿತ್ತು.

ನಿನ್ನೆ ಸಂಜೆ ಆರಕ್ಕೆ ಗೀಟು ಕಣ್ಣಿಗೆ ಬಿದ್ದ ಕೂಡಲೇ ಬಾಡಿಗೆ ಕಂಪನಿಗೆ ಫೋನು ಮಾಡಿ ತಿಳಿಸಿದವಳೂ ಅವಳೇ. ತಡಮಾಡಿ ತಿಳಿಸಿದರೆ ಕ್ಲೇಮು ಕೈಬಿಟ್ಟು ಹೋಗುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಇವತ್ತು ಬೆಳಿಗ್ಗೆ ಕಂಪನಿಯ ಮ್ಯಾನೇಜರು ತಿರುಗಿ ಫೋನು ಮಾಡಿ, ಸಕ್ಕರೆಯಂಥ ದನಿಯಲ್ಲಿ ಒಂದೇ ಪ್ರಶ್ನೆ ಕೇಳಿದ್ದ. “ನಿನ್ನೆ ಮಧ್ಯಾಹ್ನ ಮೂರೂ ಹತ್ತಕ್ಕೆ ಕಾರು ಓಡಿಸುತ್ತಿದ್ದವರು ಯಾರು?”

ಸರ್ವೇಯರಮ್ಮ ಅದನ್ನು ಕನ್ನಡಕ್ಕೆ ದಾಟಿಸಿದ್ದೇ ತಡ, ಭಾವ ಹಿಂದೆ ಮುಂದೆ ನೋಡದೆ, “ಯಾರೂ ಇಲ್ಲ. ನಾನು ಮಲಗಿದ್ದೆ” ಎಂದುಬಿಟ್ಟಿದ್ದರು.

ಸತ್ಯವೇ. ಆದರೆ ಕಾರಿನೊಳಗೆ ಓಡಾಟ ಬರೆದಿಡುವ ಯಂತ್ರವೊಂದಿತ್ತು. ಮೂರೂ ಹತ್ತಕ್ಕೆ ಕಾರು ಓಡಿದೆ ಎಂದು ಅದು ಹೇಳುತ್ತಿತ್ತು. ಬಾಡಿಗೆ ಕರಾರಿನಲ್ಲಿ ಡ್ರೈವರ್ ಎಂದು ಇದ್ದದ್ದು ಭಾವನ ಹೆಸರು. ಹೆಸರಿಲ್ಲದವರು ಓಡಿಸಿದ್ದಾರೆ ಅಂದರೆ ವಿಮೆ ಅಲ್ಲಿಗೇ ಬಿದ್ದುಹೋಯಿತು, ರಿಪೇರಿಯ ಅಷ್ಟೂ ಭಾರ ಇವರ ತಲೆಗೆ. ಹನ್ನೆರಡು ಗಂಟೆಯೊಳಗೆ ಕಾರು ಒಪ್ಪಿಸಿ, ಯಾರು ಓಡಿಸುತ್ತಿದ್ದರೆಂದು ಬರೆದುಕೊಡಬೇಕು. ಈಗ ಹತ್ತೂವರೆ.

ಸರ್ವೇಯರಮ್ಮ ಕನ್ನಡಕ ಏರಿಸಿ ಗೀಟಿನ ಮೇಲೆ ಉಗುರು ಆಡಿಸಿದಳು. ಡ್ರೈವರು ಕೂರುವ ಬದಿಗಲ್ಲ, ಅದರ ಎದುರು ಬದಿಗೆ ಬಿದ್ದ ಗೀಟು. ಮುಂದಿನ ಬಾಗಿಲಲ್ಲಿ ತೆಳುವಾಗಿ ಶುರುವಾಗಿ, ಹಿಂದಿನ ಬಾಗಿಲಿಗೆ ಬರುವಾಗ ಆಳವಾಗಿ, ಕೊನೆಯಲ್ಲಿ ಎದ್ದ ಬಣ್ಣ ಸಣ್ಣ ಸುರುಳಿಯಾಗಿ ಗುಡ್ಡೆ ಬಿದ್ದಿತ್ತು.

“ಸುರುಳಿ ಹಿಂದಿದೆ. ಅಂದ್ರೆ ಕಾರು ಮುಂದೆ ಹೋಗ್ತಿತ್ತು, ತಾಗಿದ್ದು ನಿಂತಿತ್ತು,” ಎಂದಳು ತನ್ನಷ್ಟಕ್ಕೆ.

“ಗೋಡೆನಾ?”

“ಗೋಡೆಯಾಗಿದ್ರೆ ಇಡೀ ಬಾಗಿಲು ಉಜ್ಜಿರೋದು. ಇದು ಮೊಣಕಾಲೆತ್ತರದ ಕಂಬ. ನೀಲಿ ಬಣ್ಣದ್ದು.” ಉಗುರಿನ ತುದಿಗೆ ಹತ್ತಿದ ನೀಲಿ ಪುಡಿಯನ್ನು ಬಿಸಿಲಿಗೆ ಹಿಡಿದು ತೋರಿಸಿದಳು.

ಓಣಿಯ ತುದಿಯಲ್ಲಿ ಬೇಕರಿಯ ನೀಲಿ ವ್ಯಾನು ನಿಂತಿತ್ತು. ಭಾವ ಎದ್ದು, ಕಳ್ಳನನ್ನು ಹಿಡಿಯುವವರ ಹಾಗೆ ನಾಲ್ಕು ಹೆಜ್ಜೆ ಅತ್ತ ಹಾಕಿದರು.

“ಬನ್ನಿ ಭಾವ, ಪಾಪದವನ ಮೇಲೆ ಬೀಳಬೇಡಿ. ಆ ವ್ಯಾನಿಗೆ ಮೊಣಕಾಲೆತ್ತರದಲ್ಲಿ ಇರೋದು ಕಪ್ಪು ರಬ್ಬರು. ಅದು ತಾಗಿದ್ರೆ ಗೀಟು ಕಪ್ಪಗಿರ್ತಿತ್ತು.”

ಭಾವ ನಿರಾಸೆಯಿಂದ ವಾಪಸು ಬಂದರು. ಅಷ್ಟರಲ್ಲಿ ಸರ್ವೇಯರಮ್ಮ ಕಾರಿನ ಮುಂಭಾಗಕ್ಕೆ ಹೋದವಳು ಅಲ್ಲೇ ನಿಂತುಬಿಟ್ಟಳು.

ಮುಂದಿನ ಚಕ್ರಗಳು ಎಡಕ್ಕೆ ತಿರುಗಿದ್ದವು.

ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿದರೆ ಚಕ್ರವನ್ನು ಪಾದಚಾರಿ ಕಟ್ಟೆಯ ಕಡೆಗೆ ತಿರುಗಿಸಿಯೇ ಇಳಿಯಬೇಕು, ಬ್ರೇಕು ಕೈಕೊಟ್ಟರೂ ಗಾಡಿ ಕಟ್ಟೆಗೆ ಆತು ನಿಲ್ಲುತ್ತದೆ. ಇದು ಭಾವ ಮನೆಯಲ್ಲಿ ಊಟಕ್ಕೆ ಕೂತಾಗಲೂ, ಮದುವೆ ಮನೆಗಳಲ್ಲೂ, ಒಮ್ಮೆ ಆಸ್ಪತ್ರೆಯಲ್ಲಿ ಗ್ಲೂಕೋಸು ಹಾಕಿಸಿಕೊಳ್ಳುತ್ತಲೂ ಹೇಳಿದ ಪಾಠ. ತಮ್ಮ ದೇಶದಲ್ಲಿ ಗಾಡಿ ನಿಲ್ಲುವುದು ರಸ್ತೆಯ ಎಡಕ್ಕೆ, ಹಾಗಾಗಿ ಚಕ್ರವೂ ಎಡಕ್ಕೆ. ಇಲ್ಲಿ ಎಲ್ಲವೂ ಉಲ್ಟಾ. ಕಟ್ಟೆ ಬಲಕ್ಕಿದೆ. ಮೊದಲ ದಿನವೇ ಭಾವ ಅದನ್ನು ಮನದಟ್ಟು ಮಾಡಿಕೊಂಡು, ನಿಲ್ಲಿಸಿದಾಗಲೆಲ್ಲ ಚಕ್ರವನ್ನು ಬಲಕ್ಕೇ ತಿರುಗಿಸಿದ್ದರು.

ಹಾಗಾದರೆ ಎಡಕ್ಕೆ ತಿರುಗಿಸಿದವರು ಯಾರು? ಲಾಡ್ಜಿನ ಕಾವಲುಗಾರ ಇಲ್ಲಿಯವನೇ, ತಿರುಗಿಸಿದರೆ ಬಲಕ್ಕೆ ತಿರುಗಿಸುತ್ತಾನೆ. ಕದ್ದು ಓಡಿಸುವವನಿಗೆ ಚಕ್ರ ತಿರುಗಿಸುವ ವ್ಯವಧಾನವೇ ಇರುವುದಿಲ್ಲ. ಇದು ನಲವತ್ತು ವರ್ಷ ಭಾವನ ಪಾಠ ಕೇಳಿದ, ಆದರೆ ಈ ದೇಶದಲ್ಲಿ ಸ್ಟಿಯರಿಂಗು ಹಿಡಿದು ಅಭ್ಯಾಸವಿಲ್ಲದ ಒಬ್ಬರ ಕೈಕೆಲಸ.

ಅಂಥವರು ಈ ಭೂಖಂಡದಲ್ಲಿ ಒಬ್ಬರೇ.

ಸರ್ವೇಯರಮ್ಮ ಮೆಲ್ಲಗೆ ತಲೆಯೆತ್ತಿ ಲಾಡ್ಜಿನ ಮೆಟ್ಟಿಲ ಕಡೆ ನೋಡಿದಳು. ಅಕ್ಕ ಅಲ್ಲಿ ಸೂಟ್‌ಕೇಸಿನ ಜಿಪ್ಪಿನೊಂದಿಗೆ ಕುಸ್ತಿ ಮಾಡುತ್ತಿದ್ದಳು. ಜಿಪ್ಪು ಆಗಲೇ ಪೂರ್ತಿ ಮುಚ್ಚಿತ್ತು.

“ಏನೇ ಹಾಗೆ ನೋಡ್ತೀಯಾ? ಮುಖದಲ್ಲಿ ಏನಾದ್ರೂ ಅಂಟಿದೆಯಾ?” ಎಂದಳು ಅಕ್ಕ.

“ಇಲ್ಲ. ನಿನ್ನೆ ಮಧ್ಯಾಹ್ನ ಉಲ್ಲನ್ ದಾರ ತರೋಕೆ ಹೋಗಿದ್ದೆಯಲ್ಲ. ಸಿಕ್ತಾ?”

“ಬಣ್ಣ ಚೆನ್ನಾಗಿರಲಿಲ್ಲ.”

ಬಣ್ಣ ಚೆನ್ನಾಗಿಲ್ಲವೆಂದು ಅಕ್ಕ ಯಾವತ್ತಾದರೂ ದಾರ ಬಿಟ್ಟು ಬಂದದ್ದುಂಟೇ?

ಮೂವರೂ ಕಾರಿನ ಬಳಿ ಬಂದರು. ನಾಲ್ಕು ದಿನದಿಂದ ಭಾವ ಪ್ರತಿಸಲವೂ ಅಭ್ಯಾಸಬಲದಿಂದ ಬಲಗಡೆಯ ಬಾಗಿಲು ತೆಗೆದು, ಠೀವಿಯಿಂದ ಕೂತು, ಎದುರಿಗೆ ಸ್ಟಿಯರಿಂಗು ಕಾಣದೆ ಬೆಚ್ಚಿ, ಅಕ್ಕನ ಕೈಲಿ ನಗಿಸಿಕೊಂಡು ಇಳಿಯುತ್ತಿದ್ದರು. ಇವತ್ತು ನೇರ ಎಡಗಡೆಗೆ ಹೋಗಿ ಕೂತರು. ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡಿಯಿತು.

ಸೀಟು ಮುಂದಕ್ಕೆ ಸರಿದಿತ್ತು, ಕನ್ನಡಿ ಕೆಳಕ್ಕೆ ಬಾಗಿತ್ತು.

ಯಾರೋ ತನ್ನ ಕನ್ನಡಿ ಮುಟ್ಟಿದ್ದಾರೆಂದು ಐವತ್ತು ಜನ ತುಂಬಿದ ಬಸ್ಸನ್ನು ನಡುರಸ್ತೆಯಲ್ಲಿ ನಿಲ್ಲಿಸಿ ವಿಚಾರಣೆ ಮಾಡಿದ ಮನುಷ್ಯ ಇವರು. ಈಗ ಕೂಗುತ್ತಾರೆ, ಈಗ ಕೂಗುತ್ತಾರೆ ಎಂದು ಅವಳು ಕಾದಳು.

ಭಾವ ಕೂಗಲಿಲ್ಲ. ಸೀಟಿನ ಕೆಳಗೆ ಕೈ ಹಾಕಿ, ಸದ್ದಾಗದ ಹಾಗೆ ಸೀಟನ್ನು ಹಿಂದಕ್ಕೆ ಸರಿಸಿದರು. ಕನ್ನಡಿ ಮೇಲೆತ್ತಿದರು. ಅದರಲ್ಲಿ ಹಿಂದಿನ ಸೀಟಿನ ಹೆಂಡತಿಯನ್ನು ಒಂದು ಗಳಿಗೆ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, “ಹೊರಡೋಣವಾ?” ಎಂದರು.

ಅಲ್ಲಿಗೆ ಸರ್ವೇಯರಮ್ಮನಿಗೆ ತಿಳಿಯಿತು. ಭಾವನಿಗೂ ಗೊತ್ತಾಗಿಹೋಗಿದೆ.

*

“ಅಲ್ಲ ಕಣೇ, ಫುಲ್ ಕವರ್ ಅಂತ ಬರೆದಿದ್ದಾರಲ್ಲ. ಫುಲ್ ಅಂದ್ಮೇಲೆ ಫುಲ್ ತಾನೇ?” ದಾರಿಯಲ್ಲಿ ಅಕ್ಕ ಕೇಳಿದಳು.

“ನಿನ್ನ ಕುಕ್ಕರಿನ ಗ್ಯಾರಂಟಿ ನೆನಪಿದೆಯಾ?”

“ಐದು ವರ್ಷದ್ದು.”

“ಗ್ಯಾಸ್ಕೆಟ್ ಹೋದಾಗ ಕೊಟ್ರಾ?”

“ಎಲ್ಲಿ! ಗ್ಯಾಸ್ಕೆಟ್ ಗ್ಯಾರಂಟಿಗೆ ಬರಲ್ಲ ಅಂದ್ರು. ಸೀಟಿ ಬರಲ್ಲ ಅಂದ್ರು. ಹಿಡಿ ಮುರಿದಾಗ, ಹಿಡಿ ಕುಕ್ಕರೇ ಅಲ್ಲ ಅಂದ್ರು!”

“ಇದೂ ಹಾಗೇ. ಬಾಗಿಲು, ಬಾನೆಟ್ಟು, ಬಂಪರು, ಇವೆಲ್ಲ ಕವರಿಗೆ ಬರುತ್ತೆ. ಗಾಜು, ಟೈರು, ಮೇಲಿನ ಟಾಪು, ಅಡಿಭಾಗ, ಚಾವಿ ಕಳೆಯೋದು, ಇದಕ್ಕೆಲ್ಲ ಬೇರೆ ಕಟ್ಟಬೇಕು. ಬರೋದರಲ್ಲೂ ಮೊದಲ ಒಂದು ಪಾಲು ನಮ್ಮದೇ. ಆ ಪಾಲೂ ಬೇಡ ಅಂದ್ರೆ ಕೌಂಟರಿನಲ್ಲಿ ಇನ್ನೊಂದು ಕಾಗದಕ್ಕೆ ಸಹಿ ಹಾಕಬೇಕು. ಅದನ್ನ ನಾವು ಹಾಕಿದ್ದೀವಿ.”

“ಹಾಗಾದ್ರೆ ತೊಂದರೆ ಎಲ್ಲಿದೆ?”

“ಕುಕ್ಕರನ್ನ ಪಕ್ಕದ ಮನೆಯವರು ಒಲೆ ಮೇಲಿಟ್ಟಿದ್ರೆ ಗ್ಯಾರಂಟಿನೇ ಇಲ್ಲ. ಅಲ್ಲಿದೆ ತೊಂದರೆ. ಕಾಗದದಲ್ಲಿ ಯಾರ ಹೆಸರಿದೆಯೋ ಅವರು ಓಡಿಸಿ ಗುದ್ದಿದ್ರೆ, ತಪ್ಪು ಅವರದ್ದೇ ಆದ್ರೂ ಪರವಾಗಿಲ್ಲ. ಹೆಸರಿಲ್ಲದವರು ಓಡಿಸಿದ್ರೆ, ಹೂವಿನ ಹಾಗೆ ಓಡಿಸಿದ್ರೂ ಇಲ್ಲ.”

ಅಕ್ಕ ಕೈಚೀಲವನ್ನು ಎದೆಗೆ ಅವುಚಿಕೊಂಡು ಕಿಟಕಿಯಾಚೆ ನೋಡತೊಡಗಿದಳು. ಭಾವ ಶಿಳ್ಳೆ ಹಾಕಲು ನೋಡಿದರು. ಬರೀ ಗಾಳಿ ಬಂತು.

ಕಂಪನಿಯ ಅಂಗಳದ ಗೇಟಿನೊಳಗೆ ಕಾರು ತಿರುಗುವಾಗ ಸರ್ವೇಯರಮ್ಮನ ಕಣ್ಣು ತಟ್ಟನೆ ಕೆಳಕ್ಕೆ ಹೋಯಿತು. ಗೇಟಿನ ಎರಡೂ ಬದಿಗೆ ಗಿಡ್ಡ ಕಬ್ಬಿಣದ ಕಂಬಗಳು. ಮೊಣಕಾಲೆತ್ತರ. ನೀಲಿ. ಬಲಗಡೆಯ ಕಂಬದ ಮೇಲೆ ಹೊಸದಾಗಿ ಎಳೆದಂಥ ಒಂದು ಬಿಳಿ ಪಟ್ಟೆ.

ಅವಳು ಏನೂ ಕಾಣದವಳ ಹಾಗೆ ಕನ್ನಡಕ ಒರೆಸಿಕೊಂಡಳು. ನೋಡಿದ್ದನ್ನು ನೋಡಿದ ಕೂಡಲೇ ಹೇಳಿದ್ದರೆ ಮೂವತ್ತು ವರ್ಷದ ಸರ್ವೀಸಿನಲ್ಲಿ ಅರ್ಧ ಕೇಸುಗಳು ಕೈತಪ್ಪಿ ಹೋಗುತ್ತಿದ್ದವು.

*

ಮ್ಯಾನೇಜರನಿಗೆ ಭಾವ ಇಟ್ಟ ಹೆಸರು ನಗುಮುಖ. ಕೆಟ್ಟ ಸುದ್ದಿ ಹೇಳುವಾಗಲೂ ಅವನ ಹಲ್ಲು ಕಾಣುತ್ತಿತ್ತು. ಇವರ ಭಾಷೆ ಅವನಿಗೆ ಬಾರದು, ಅವನದು ಇವರಿಗೆ ಬಾರದು. ಇಬ್ಬರಿಗೂ ಅರ್ಧಂಬರ್ಧ ಬರುವ ಮೂರನೆಯ ಭಾಷೆಯೊಂದರಲ್ಲಿ ಸರ್ವೇಯರಮ್ಮ ಮಾತಾಡಿ, ಉಳಿದಿಬ್ಬರಿಗೆ ಕನ್ನಡದಲ್ಲಿ ದಾಟಿಸಬೇಕಿತ್ತು.

ಭಾವ ಚಾವಿಯ ಗೊಂಚಲನ್ನು ಕೌಂಟರಿನ ಮೇಲಿಟ್ಟರು. ನಗುಮುಖ ಒಂದು ಹಾಳೆ ಮುಂದೆ ತಳ್ಳಿದ.

“ಕಾರಿನ ಯಂತ್ರ ಕೊಟ್ಟ ಲೆಕ್ಕ. ಮೂರು ಹತ್ತಕ್ಕೆ ಹೊರಟಿದೆ. ಕೆರೆಯನ್ನು ಒಂದು ಸುತ್ತು ಹಾಕಿ ಮೂರು ಮೂವತ್ತೊಂದಕ್ಕೆ ಅದೇ ಓಣಿಗೆ ಬಂದಿದೆ. ವೇಗ ಇಪ್ಪತ್ತೆರಡು ದಾಟಿಲ್ಲ.”

“ಇಪ್ಪತ್ತೆರಡಾ?” ಭಾವನ ಮುಖ ಕಿವುಚಿತು. “ಅದಕ್ಕಿಂತ ಬೇಗ ನಮ್ಮ ಡಿಪೋ ಗೇಟೇ ತೆರ್ಕೊಳ್ಳುತ್ತೆ.”

ಹಿಂದೆ ಕುರ್ಚಿಯಲ್ಲಿ ಕೂತಿದ್ದ ಅಕ್ಕ ಕೆಮ್ಮಿದಳು.

“ಯಾರು ಓಡಿಸಿದ್ದು?” ನಗುಮುಖ ಪೆನ್ನು ಎತ್ತಿ ಹಿಡಿದ. “ಹೆಸರು ಬರೆದು ಸಹಿ ಹಾಕಿದರೆ ಮುಗಿಯಿತು.”

ಭಾವ ನೆಟ್ಟಗೆ ನಿಂತರು. ಎದೆಯ ಬಿಲ್ಲೆಯನ್ನು ಒಮ್ಮೆ ಮುಟ್ಟಿದರು. ಆಮೇಲೆ ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರು.

“ಸರ್ವೇಯರಮ್ಮಾ, ಹೇಳು ಅವನಿಗೆ. ನಾನೇ ಓಡಿಸ್ತಿದ್ದೆ. ನಾನೇ ಕಂಬಕ್ಕೆ ತಾಗಿಸ್ದೆ.”

“ಭಾವ…”

“ಹೇಳಮ್ಮಾ.”

“ಬೆಳಿಗ್ಗೆ ಮಲಗಿದ್ದೆ ಅಂದ್ರಲ್ಲ ನೀವು!”

“ನಿದ್ದೆಗಣ್ಣಲ್ಲಿ ಓಡಿಸ್ದೆ ಅನ್ನು! ಅದಕ್ಕೇ ಇಪ್ಪತ್ತೆರಡು!”

ಸರ್ವೇಯರಮ್ಮ ನಗುಮುಖನ ಕಡೆ ತಿರುಗಿದಳು. ಮೂವತ್ತು ವರ್ಷದಲ್ಲಿ ಅವಳು ಸುಳ್ಳು ಹೇಳಿಕೆಯ ಕೆಳಗೆ ಒಂದೇ ಒಂದು ಸಹಿ ಹಾಕಿದವಳಲ್ಲ. ಈಗ ಒಂದು ವಾಕ್ಯ ದಾಟಿಸಿದರೆ ಸಾಕು, ವಿಮೆ ಉಳಿಯುತ್ತದೆ, ಕಾಸು ಉಳಿಯುತ್ತದೆ, ಸಂಜೆಯ ವಿಮಾನವೂ ಸಿಗುತ್ತದೆ. ಹೋಗುವುದು ಒಂದೇ. ಈ ಮನುಷ್ಯ ನಲವತ್ತು ವರ್ಷ ಮಗುವಿನ ಹಾಗೆ ಕಾಪಾಡಿಕೊಂಡು ಬಂದ ಹೆಸರು. ಅದನ್ನು ಅವರು ಯಾರಿಗಾಗಿ ಬಿಟ್ಟುಕೊಡುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು.

“ಏನಂತೆ?” ಎಂದ ನಗುಮುಖ.

“ಅವರು…” ಸರ್ವೇಯರಮ್ಮ ತಡವರಿಸಿದಳು. “ಅವರು ಏನು ಹೇಳ್ತಿದ್ದಾರೆ ಅಂದ್ರೆ…”

ಭಾವ ಅಷ್ಟರಲ್ಲಿ ಪೆನ್ನು ಕಸಿದುಕೊಂಡು ಹಾಳೆಯ ಮೇಲೆ ಬಾಗಿದ್ದರು.

“ಪೆನ್ನು ಕೆಳಗಿಡ್ರೀ!”

ಅಕ್ಕ ಎದ್ದು ನಿಂತಿದ್ದಳು. ಮುಖ ಕೆಂಡದ ಹಾಗಿತ್ತು.

“ನಾನೇ ರೀ ಓಡಿಸಿದ್ದು. ನಿಮ್ಮ ಅಂಗಿ ಜೇಬಿಂದ ಚಾವಿ ತಗೊಂಡು ನಾನೇ ಓಡಿಸಿದ್ದು. ಕೆರೆ ಸುತ್ತ, ಒಂದು ರೌಂಡು. ಅಷ್ಟು ಚೆನ್ನಾಗಿತ್ತು ರೀ, ನಿಮಗೆ ಹೇಗೆ ಹೇಳಲಿ! ಬಾತುಕೋಳಿಗಳು ನನ್ನನ್ನ ಓವರ್‌ಟೇಕ್ ಮಾಡಿದ್ರೂ ನಾನು ಬೇಜಾರು ಮಾಡ್ಕೊಳ್ಳಲಿಲ್ಲ!”

ಕೌಂಟರಿನ ಮೇಲೆ ಪೆನ್ನು ಉರುಳಿತು.

“ನಿಂಗೆ ಎಲ್ಲಿ ಬರುತ್ತೇ ಡ್ರೈವಿಂಗು?” ಭಾವನ ದನಿ ಪಿಸುಗುಟ್ಟುವ ಹಾಗಿತ್ತು. “ಓಣಿಯಲ್ಲೇ ಒಂದೆರಡು ಗಜ ಸರಿಸಿ ಆಟ ಆಡಿರ್ತೀಯಾ ಅಂದ್ಕೊಂಡಿದ್ದೆ. ಕೆರೆ ಸುತ್ತನಾ?”

ಅಕ್ಕ ಕೈಚೀಲದಿಂದ ಒಂದು ಕಾರ್ಡು ತೆಗೆದು ಗಂಡನ ಮೂಗಿನ ಕೆಳಗೆ ಹಿಡಿದಳು. ಡ್ರೈವಿಂಗ್ ಲೈಸೆನ್ಸು. ತಾರೀಕು ಹನ್ನೊಂದು ವರ್ಷ ಹಿಂದಿನದು.

“ಹನ್ನೊಂದು ವರ್ಷ! ಯಾರೇ ಕಲಿಸಿದ್ದು ನಿಂಗೆ?”

“ನಿಮ್ಮ ಕಂಡಕ್ಟರು. ನೀವು ಬಸ್ಸು ತಗೊಂಡು ಹೋದ ದಿನ, ಅವರಿಗೆ ವಾರದ ರಜೆ ಇದ್ದಾಗ.”

“ಅವನಾ? ಅವನಿಗೆ ಟಿಕೆಟ್ಟು ನೆಟ್ಟಗೆ ಹರಿಯೋಕೇ ಬರ್ತಿರಲಿಲ್ಲವಲ್ಲೇ!”

“ಕ್ಲಚ್ಚು ಚೆನ್ನಾಗಿ ಹೇಳ್ಕೊಡ್ತಿದ್ರು. ನಿಮ್ಮ ಹತ್ರ ಕೇಳಿದಾಗ ನೀವೇನಂದ್ರಿ? ‘ಮನೆಗೊಬ್ಬ ಡ್ರೈವರು ಸಾಕು’ ಅಂದ್ರಿ.”

ನಗುಮುಖ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಟೆನ್ನಿಸ್ ನೋಡುವವನ ಹಾಗೆ ಕತ್ತು ತಿರುಗಿಸುತ್ತಿದ್ದ. ಸರ್ವೇಯರಮ್ಮ ಅವನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು, ಏನಾದರಾಗಲಿ.

ಅವನ ಹಲ್ಲುಗಳು ಇನ್ನಷ್ಟು ಕಂಡವು. “ಕ್ಷಮಿಸಿ. ಈಯಮ್ಮನ ಲೈಸೆನ್ಸು ಇದ್ದರೆ ಸಾಲದು. ಕರಾರಿನಲ್ಲಿ ಹೆಸರು ಇರಬೇಕು. ಇಲ್ಲವಾದ್ದರಿಂದ ವಿಮೆ…”

“ಮೂರನೇ ಪುಟ ನೋಡು ಅನ್ನೇ ಅವನಿಗೆ,” ಎಂದಳು ಅಕ್ಕ.

“ಏನು?”

“ಮೂರನೇ ಪುಟ. ನೀವಿಬ್ರೂ ಮೊದಲ ದಿನ ಕಾರಿನ ಸುತ್ತ ಫೋಟೋ ಹೊಡೀತಾ ಕುಣೀತಿದ್ರಲ್ಲ, ಆಗ ಇಲ್ಲೊಬ್ಳು ಕನ್ನಡಕದ ಹೆಂಗಸಿದ್ಳು. ಗಿಡ್ಡಗೆ, ಮುದ್ದಾಗಿ. ‘ನಿಮಗೆ ಓಡಿಸೋಕೆ ಬರಲ್ವಾ?’ ಅಂತ ಕೈಸನ್ನೆಯಲ್ಲಿ ಕೇಳಿದ್ಳು. ನನಗೆ ರೋಷ ಬಂತು. ಲೈಸೆನ್ಸು ತೋರಿಸ್ದೆ, ಅಂತರರಾಷ್ಟ್ರೀಯ ಪರ್ಮಿಟ್ಟೂ ತೋರಿಸ್ದೆ.”

“ಆ ಪರ್ಮಿಟ್ಟು ನಿಂಗೆಲ್ಲಿಂದ ಬಂತು?” ಭಾವ ಗೋಡೆ ಹಿಡಿದುಕೊಂಡರು.

“ನಿಮ್ಮದು ಮಾಡಿಸೋಕೆ ಸಾರಿಗೆ ಕಚೇರಿಯಲ್ಲಿ ಕ್ಯೂ ನಿಲ್ಲು ಅಂತ ನನ್ನನ್ನೇ ಕಳ್ಸಿದ್ರಲ್ಲ. ಎರಡು ಗಂಟೆ ನಿಂತಿದ್ದೆ. ಒಂದು ಅರ್ಜಿ ಕೊಡೋ ಕಡೆ ಎರಡು ಕೊಟ್ಟೆ.”

ನಗುಮುಖ ಫೈಲು ತೆಗೆದ. ಒಂದು, ಎರಡು, ಮೂರನೆಯ ಪುಟ. ‘ಎರಡನೆಯ ಡ್ರೈವರ್’ ಎಂಬ ಜಾಗದಲ್ಲಿ ಅಕ್ಕನ ದುಂಡು ಅಕ್ಷರದ ಸಹಿ, ಪಕ್ಕದಲ್ಲಿ ಕಂಪನಿಯ ಮೊಹರು.

“ಆ ದಿನ ನಾನು ರಜೆಯಲ್ಲಿದ್ದೆ,” ಎಂದ ಅವನು ಮೆಲ್ಲಗೆ. “ಮೊದಲ ಪುಟ ಮಾತ್ರ ನೋಡಿದ್ದೆ. ಈ ಸಹಿ ಇದ್ದ ಮೇಲೆ ಕವರ್ ಪೂರ್ತಿ ಅನ್ವಯಿಸುತ್ತದೆ.”

ಸರ್ವೇಯರಮ್ಮ ಅದನ್ನು ಕನ್ನಡಕ್ಕೆ ದಾಟಿಸುವ ಮೊದಲೇ ಅಕ್ಕ ಅವನ ಮುಖ ನೋಡಿಯೇ ಅರ್ಥಮಾಡಿಕೊಂಡು ಚಪ್ಪಾಳೆ ತಟ್ಟಿದಳು. ಭಾವ ಕುರ್ಚಿಗೆ ಕುಸಿದರು. ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೇನೋ ಎಂದು ಇಬ್ಬರೂ ಓಡಿಬಂದರೆ, ಆ ಮನುಷ್ಯ ನಗುತ್ತಿದ್ದರು. ನಗು ಏರಿ, ಕಣ್ಣಲ್ಲಿ ನೀರು ಬಂದು, ಕೆಮ್ಮು ಬಂದು, ಕೊನೆಗೆ ನಗುಮುಖನೇ ಒಂದು ಲೋಟ ನೀರು ತಂದುಕೊಟ್ಟ.

“ಹನ್ನೊಂದು ವರ್ಷ… ಪಕ್ಕದಲ್ಲೇ ಕೂತು… ‘ನಿಧಾನ ರೀ, ನಿಧಾನ ರೀ’ ಅಂತಿದ್ಳು! ನಾನು ಹೆದರ್ತಾಳೆ ಅಂದ್ಕೊಂಡಿದ್ದೆ. ಇವಳು ನನ್ನ ತಪ್ಪು ಎಣಿಸ್ತಿದ್ಳು!”

“ಎಣಿಸಿದ್ದೀನಿ. ಆಮೇಲೆ ಹೇಳ್ತೀನಿ,” ಎಂದಳು ಅಕ್ಕ. ಮರುಕ್ಷಣವೇ ಅವಳ ಮುಖ ಬಾಡಿತು. “ಆದರೆ ಗೀಟು ಮಾತ್ರ ನನ್ನದೇ ಇರ್ಬೇಕು ಕಣ್ರೀ. ಆ ಬದಿ ನನಗೆ ಸರಿಯಾಗಿ ಕಾಣ್ತಿರಲಿಲ್ಲ. ಎಲ್ಲೂ ತಾಗಿದ ಸದ್ದು ಕೇಳಲಿಲ್ಲ. ಆದ್ರೂ ನನ್ನದೇ ಇರ್ಬೇಕು. ನಿಮ್ಮ ನಲವತ್ತು ವರ್ಷಕ್ಕೆ ನಾನು ಮಸಿ ಬಳಿದೆ.”

“ಹೋಗಲಿ ಬಿಡೇ. ಮೊದಲ ಸಲಕ್ಕೆ ಒಂದು ಗೀಟು ಏನೂ ಅಲ್ಲ. ಸೀಟನ್ನ ಮಾತ್ರ ಅಷ್ಟು ಮುಂದಕ್ಕೆ ಎಳ್ಕೋಬಾರದು. ಕಾಲಿಗೆ ಜಾಗ ಬೇಕು.”

“ನಾನೆಲ್ಲಿ ಮುಂದಕ್ಕೆ ಎಳ್ದೆ? ಹಿಂದಕ್ಕೆ ತಳ್ದೆ.”

“ಹಿಂದಕ್ಕಲ್ಲ ಕಣೇ, ಮುಂದಕ್ಕೆ. ಸೀಟನ್ನ ನಾನು ಕೊನೇ ಹಲ್ಲಿಗೆ ಬಿಟ್ಟಿರ್ತೀನಿ. ಅಲ್ಲಿಂದ ಹಿಂದೆ ಹೋಗೋಕೆ ಜಾಗವೇ ಇಲ್ಲ.”

“ಅಯ್ಯೋ, ಹಿಂದಕ್ಕೇ ರೀ! ನಾನು ಬಾಗಿಲು ತೆಗೆದು ಕೂತ್ರೆ ಮೊಣಕಾಲು ಸ್ಟಿಯರಿಂಗಿಗೆ ಸಿಕ್ಕಿಹಾಕ್ಕೊಳ್ತು. ಆರಡಿ ಮನುಷ್ಯ ಇಷ್ಟು ಮುಂದೆ ಹೇಗೆ ಕೂರ್ತಾರಪ್ಪಾ ಅಂತ ಆಶ್ಚರ್ಯಪಟ್ಕೊಂಡು ಎರಡು ಹಲ್ಲು ಹಿಂದಕ್ಕೆ ತಳ್ದೆ.”

ನಗು ನಿಂತುಹೋಯಿತು.

ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಇಬ್ಬರೂ ಒಟ್ಟಿಗೆ ಸರ್ವೇಯರಮ್ಮನ ಕಡೆ ತಿರುಗಿದರು.

ಅವಳು ಆಗಲೇ ಕೌಂಟರಿನ ಮೇಲಿನ ಹಾಳೆ ಎತ್ತಿಕೊಂಡಿದ್ದಳು. ಕೆಳಗಿನ ಮೂಲೆಯಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ‘ಪುಟ ಎರಡು’ ಎಂದಿತ್ತು.

“ಪುಟ ಒಂದು ಎಲ್ಲಿ?” ಎಂದು ನಗುಮುಖನನ್ನು ಕೇಳಿದಳು.

“ಅದು ಬೇಕಾಗಲಿಲ್ಲ. ಕೊನೆಯ ಓಟ ಮಾತ್ರ…”

“ಕೊಡಿ.”

ಮೂವತ್ತು ವರ್ಷ ಗ್ಯಾರೇಜಿನವರನ್ನು ನಡುಗಿಸಿದ ದನಿ ಅದು. ಯಂತ್ರ ಕಿರ್‍ರೆಂದಿತು. ಹಾಳೆ ಹೊರಬಂತು. ಸರ್ವೇಯರಮ್ಮ ಬೆರಳಿಟ್ಟು ಓದಿದಳು, ಒಂದು ಸಾಲನ್ನು ಎರಡು ಸಲ.

“ನಿನ್ನೆ ಮಧ್ಯಾಹ್ನ ಒಂದು ನಲವತ್ತೆರಡಕ್ಕೆ ನಾವೆಲ್ಲಿದ್ವಿ ಅಕ್ಕ?”

“ಲಾಡ್ಜಿನ ಊಟದ ಹಾಲಲ್ಲಿ. ಮೂವರೂ ಒಟ್ಟಿಗೆ ಇದ್ವಿ. ಇವರು ಮೂರನೇ ಸಲ ಸೂಪು ಕೇಳಿ ಮಾನ ಕಳೆದ್ರಲ್ಲ, ಆಗ.”

“ಚಾವಿ?”

“ನನ್ನ ಅಂಗಿ ಜೇಬಲ್ಲಿ,” ಎಂದರು ಭಾವ. “ಸೂಪಿಗೆ ಬಗ್ಗಿದಾಗೆಲ್ಲ ಚುಚ್ತಿತ್ತು. ಚೆನ್ನಾಗಿ ನೆನಪಿದೆ.”

“ನಮ್ಮ ಕಾರು ಆಗಲೂ ಓಡಿದೆ ಭಾವ. ಒಂದು ನಲವತ್ತೆರಡಕ್ಕೆ ಓಣಿಯಿಂದ ಹೊರಟು, ಒಂದು ಕಡೆ ನಾಲ್ಕು ನಿಮಿಷ ನಿಂತು, ಎರಡೂ ಐದಕ್ಕೆ ವಾಪಸು ಅದೇ ಜಾಗಕ್ಕೆ ಬಂದಿದೆ. ನಿಂತಿದ್ದು ಎಲ್ಲಿ ಗೊತ್ತಾ?” ಅವಳು ಬೆರಳಿನಿಂದ ಕಾಲ ಕೆಳಗಿನ ನೆಲ ತೋರಿಸಿದಳು. “ಇಲ್ಲಿ. ಇದೇ ಅಂಗಳದಲ್ಲಿ. ಹೊರಗೆ ಗೇಟಿನ ಬಲಗಡೆ ಕಂಬ ನೋಡಿ ಬನ್ನಿ. ನೀಲಿ ಕಂಬದ ಮೇಲೆ ನಮ್ಮ ಕಾರಿನ ಬಿಳಿ ಬಣ್ಣ ಇನ್ನೂ ಹಸಿಹಸಿಯಾಗಿದೆ. ಆ ಗೀಟು ಅಕ್ಕನದ್ದೂ ಅಲ್ಲ, ಸೀಟನ್ನ ಮುಂದಕ್ಕೆ ಎಳ್ಕೊಂಡ, ಅಕ್ಕನಿಗಿಂತ ಗಿಡ್ಡಗಿರೋ ಯಾರೋ ಒಬ್ಬರದ್ದು.”

ಅಕ್ಕ ಸದ್ದಿಲ್ಲದೆ ಗಂಡನ ಜೇಬಿಗೆ ಕೈಹಾಕಿ, ಬೆಳ್ಳಿಯ ಬಿಲ್ಲೆ ತೆಗೆದು, ಅವರ ಎದೆಗೆ ಮತ್ತೆ ಚುಚ್ಚಿದಳು. ಭಾವ ಅವಳ ಕೈಯನ್ನು ಅಲ್ಲೇ ಹಿಡಿದುಕೊಂಡರು.

ಸರ್ವೇಯರಮ್ಮ ಕೌಂಟರಿನ ಮೇಲೆ ಎರಡೂ ಮೊಣಕೈ ಊರಿದಳು.

“ನಮ್ಮ ಚಾವಿ ನಮ್ಮ ಹತ್ರ ಇತ್ತು. ಈ ಕಾರಿನ ಇನ್ನೊಂದು ಚಾವಿ ಎಲ್ಲಿದೆ ಹೇಳಿ. ಅದು ಯಾರ ಕೈಲಿತ್ತೋ ಅವರ ಹೆಸರು ನಿಮ್ಮ ಯಾವ ಪುಟದಲ್ಲಿದೆ ಅಂತ ಆಮೇಲೆ ನೋಡೋಣ.”

ನಗುಮುಖನ ತುಟಿಗಳು ಮೊದಲ ಸಲ ಒಂದಕ್ಕೊಂದು ಕೂಡಿದವು. ಚಾವಿಯ ಗೊಂಚಲನ್ನು ಎತ್ತಿ ಅವಳ ಕಣ್ಣೆದುರು ಹಿಡಿದ. ಗಟ್ಟಿ ತಂತಿಯ ಒಂದೇ ಉಂಗುರಕ್ಕೆ ಎರಡು ಚಾವಿ ಪೋಣಿಸಿದ್ದರು. ತಂತಿಯ ಬೆಸುಗೆ ಹಾಗೇ ಇತ್ತು.

“ನಾವು ಎರಡೂ ಚಾವಿಯನ್ನು ಗಿರಾಕಿಗೇ ಕಟ್ಟಿ ಕೊಡುತ್ತೇವೆ ಅಮ್ಮಾ. ಎಲ್ಲ ಕಾರಿಗೂ ಹೀಗೇ,” ಎಂದ. ಅವನ ದನಿಯಲ್ಲಿ ಸಕ್ಕರೆಯ ಕಣವೂ ಇರಲಿಲ್ಲ. “ಮೂರನೆಯ ಚಾವಿ ಅನ್ನೋದೇ ಇಲ್ಲ.”

ಗೊಂಚಲು ಅವನ ಕೈಯಲ್ಲಿ ಅಲುಗದೆ ನೇತಾಡುತ್ತಿತ್ತು, ಎರಡು ಚಾವಿಯ ಗುಂಡಿಗಳನ್ನೂ ಯಾರೂ ಒತ್ತಿರಲಿಲ್ಲ. ಕಿಟಕಿಯ ಗಾಜಿನಾಚೆ, ಖಾಲಿ ಅಂಗಳದ ನಡುವೆ ನಿಂತಿದ್ದ ಬಿಳಿ ಕಾರು ಎರಡು ಸಲ ಕಿಂವ್‌ಗುಟ್ಟಿ, ನಾಲ್ಕೂ ಹಳದಿ ದೀಪ ಮಿಟುಕಿಸಿ, ಬಾಗಿಲಿನ ಬೀಗ ತೆಗೆದುಕೊಂಡಿತು.